ಚಿರತೆಯನ್ನು ತಡೆದ ಕಂಡಕ್ಟರಮ್ಮ

ಗೆಳೆಯರೇ, ಮಾಧ್ಯಮದಲ್ಲಿ ಯಾರ ಪವರ್ ಹೆಚ್ಚೆಂಬುದು ಇಂದು ಅರಸೀಕೆರೆ ಬಸ್ ನಿಲ್ದಾಣದಲ್ಲಿ ಇತ್ಯರ್ಥವಾಯಿತು! ಬೆಳಗಿನಿಂದ ಊರಲ್ಲೇ ಪವರ್ ಇರಲಿಲ್ಲ. ಹಾಗಾಗಿ, ಇ-ಮೇಲ್ ಹೋಗದಾಗಲೆಲ್ಲ ಮಾಡುವಂತೆ, ವರದಿಗಾರ ನಂಜುಂಡಿ ಕಣಕಟ್ಟೆಯಲ್ಲಿ ತೆಂಗಿನಮರ ಹತ್ತಿದ ಚಿರತೆಯ ಫೋಟೊಗಳ ಸಿ.ಡಿ.ಯನ್ನು ಕವರಿಗೆ ಹಾಕಿ, ಹಾಸನದ ಬಸ್ಸಿನಲ್ಲಿ ಪತ್ರಿಕಾ ಕಚೇರಿಗೆ ಕಳಿಸಲು ಬಂದಿದ್ದ. ಮುಖಪುಟ ಖಾತ್ರಿ!

"ಸಂಪಾದಕರೇ ಸರ್ವಶಕ್ತರು ಕಣೋ," ಎಂದ, ಪಕ್ಕದಲ್ಲಿದ್ದ ಕೇಬಲ್ ಟೀವಿಯ ರಫೀಕನಿಗೆ.

"ನಾನು ವೈರ್ ಕಿತ್ರೆ ಜಾವಗಲ್‌ಗೆ ಟೀವೀನೇ ಇಲ್ಲ ಕಣ್ಲಾ," ಎಂದ ರಫೀಕ್.

ಅಷ್ಟರಲ್ಲಿ ಬಸ್ಸು ಹೊರಟಿತು. ನಂಜುಂಡಿ ಓಡಿದ. ಕಂಡಕ್ಟರ್ ಜಯಮ್ಮ ಬಸ್ಸು ನಿಲ್ಲಿಸಿ, ಬಾಗಿಲಲ್ಲೇ ಅಡ್ಡ ನಿಂತರು.

"ವರ್ಷದಿಂದ ನಿಮ್ ಕವರ್ ಹೊತ್ತಿದೀನಿ ಕಣ್ರೀ. ನಮ್ಮ ಹಾರನಹಳ್ಳಿ ಬೋರ್‌ವೆಲ್ ಕೆಟ್ಟು ತಿಂಗಳಾಯ್ತು, ಸುದ್ದಿ ಎಲ್ಲೈತೆ? ಮೊದ್ಲು ಅದನ್ನ ಬರೀರಿ, ಆಮೇಲೆ ನಿಮ್ ಚಿರತೆ!"

ನಂಜುಂಡಿ ಫುಟ್‌ಬೋರ್ಡಿನಲ್ಲೇ ಕುಳಿತು ಬರೆದ. ಜಯಮ್ಮ ಓದಿ, ಒಂದು ಸಾಲು ಹೊಡೆದುಹಾಕಿ, "ರೈಟ್!" ಎಂದರು.

ಹಾಸನದ ಸಂಪಾದಕರಿಗೆ ಇನ್ನು ಉಳಿದಿರುವುದು ಅಚ್ಚು ಹಾಕಿಸುವ ಕೆಲಸವಷ್ಟೆ.