ವಾರಿಜಾಳ ಖೋಲಿಯ ಕೀಲಿಕೈ

ಮುಂಬಯಿಯ ಘಾಟ್ಕೋಪರಿನ ಚಾಳಿನ ಕೆಳಮಹಡಿಯಲ್ಲಿ ರುದ್ರವ್ವನ ಸಂಸಾರಕ್ಕಿದ್ದದ್ದು ಒಂದೇ ಕೋಣೆಯ ಖೋಲಿ. ವಿಜಾಪುರದಿಂದ ಬಂದು ಹತ್ತು ವರ್ಷಗಳಲ್ಲಿ ಇಬ್ಬರು ಮಕ್ಕಳ ಮದುವೆಯಾಗಿ, ಮೊಮ್ಮಕ್ಕಳೂ ಹುಟ್ಟಿ, ಈಗ ಒಳಗೆ ಒಂಬತ್ತು ಜನ. ಕಿರಿಯ ಸೊಸೆ ನೀಲಾವತಿಗೆ ಸಿಕ್ಕಿದ್ದು ಹಳೆ ಸೀರೆಯ ಪರದೆ ಕಟ್ಟಿದ ಒಂದು ಮೂಲೆ. ಅಲ್ಲಿ ಮೊಣಕಾಲು ಮಡಚದೆ ಮಲಗುವಂತಿರಲಿಲ್ಲ.

೧೯೫೫ರ ಬೇಸಿಗೆಯಲ್ಲಿ ರುದ್ರವ್ವನಿಗೆ ಅನುಮಾನ ಶುರುವಾಯಿತು. ಮಧ್ಯಾಹ್ನ ಮೂರಕ್ಕೆ ನಳದ ನೀರು ತಂದಿಟ್ಟ ನೀಲಾವತಿ ಮತ್ತೆ ಹೊರಗೆ ಹೋಗುತ್ತಾಳೆ, ಬರುವುದು ನಾಲ್ಕೂವರೆಗೆ. ಕೇಳಿದರೆ, "ವಾರಿಜಾಬಾಯಿಗೆ ನೀರು ತುಂಬಿಕೊಟ್ಟು ಬಂದೆರಿ" ಎನ್ನುತ್ತಾಳೆ.

ವಾರಿಜಾ ಮೂರನೆಯ ಮಹಡಿಯವಳು, ಉಡುಪಿ ಕಡೆಯವಳು. ಗಂಡ ಹೋಟೆಲಿನಲ್ಲಿ, ಅವಳು ಔಷಧಿ ಕಾರ್ಖಾನೆಯಲ್ಲಿ. ಹಗಲೆಲ್ಲ ಖೋಲಿಗೆ ಬೀಗ. ನಳ ಬರುವ ಹೊತ್ತಿಗೆ ತಾನಿರುವುದಿಲ್ಲವೆಂದು ಕೀಲಿಕೈಯನ್ನು ನೀಲಾವತಿಗೆ ಕೊಟ್ಟಿದ್ದಳು. ಅದು ಸರಿ. ಆದರೆ ಎರಡು ಕೊಡ ನೀರಿಗೆ ಒಂದೂವರೆ ತಾಸು ಯಾಕೆ? ಬರುವಾಗ ತುರುಬು ಸಡಿಲಾಗಿರುತ್ತದೆ, ಸೆರಗು ಮುದುಡಿರುತ್ತದೆ. ವಾರಿಜಾಳ ಎದುರು ಖೋಲಿಯ ಶೇಖರನಿಗೆ ರಾತ್ರಿಪಾಳಿ, ಹಗಲು ಮನೆಯಲ್ಲೇ. ಅದೂ ಒಬ್ಬನೇ.

ನೀಲಾವತಿಯ ಗಂಡ, ಕಿರಿಯ ಮಗ ಮುರಿಗೆಪ್ಪನಿಗೆ ಹೇಳಲು ಬಾಯಿ ಬರಲಿಲ್ಲ. ಮೊದಲು ಕಣ್ಣಾರೆ ನೋಡಬೇಕೆಂದು ಒಂದು ದಿನ ಬರಿಗಾಲಲ್ಲಿ ಮೆಟ್ಟಿಲು ಹತ್ತಿದಳು. ಶೇಖರನ ಬಾಗಿಲು ಅರೆ ತೆರೆದಿತ್ತು, ಒಳಗೆ ಯಾರೂ ಕಾಣಲಿಲ್ಲ. ವಾರಿಜಾಳ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಕಿವಿಗೊಟ್ಟರೆ ಸದ್ದೇ ಇಲ್ಲ. ರುದ್ರವ್ವ ಬಾಗಿಲು ಬಡಿದಳು.

"ತಗಿ ಬಾಗಲಾ!"

ನೀಲಾವತಿ ಕಣ್ಣುಜ್ಜುತ್ತ ತೆರೆದಳು. ರುದ್ರವ್ವ ಒಳನುಗ್ಗಿ ಬಾಗಿಲ ಹಿಂದೆ ನೋಡಿದಳು, ಮಂಚದ ಕೆಳಗೆ ಬಗ್ಗಿದಳು. ನೆಲದ ಮೇಲೆ ಒಂದು ಚಾಪೆ ಮಾತ್ರ ಇತ್ತು.

"ಯಾರ ಬರ್ತಾರ ಇಲ್ಲಿ?"

"ಯಾರೂ ಬರಂಗಿಲ್ರಿ ಅತ್ತಿ."

"ಮತ್ತ ಚಿಲಕ ಯಾಕ?"

ನೀಲಾವತಿ ತಲೆ ತಗ್ಗಿಸಿದಳು. "ಕಾಲ ಚಾಚಿ ಮಲಗಾಕರಿ. ನಮ್ಮ ಖೋಲ್ಯಾಗ ಎತ್ತ ಹೊರಳಿದ್ರೂ ಯಾರಿಗಾದ್ರೂ ತಾಗ್ತೈತ್ರಿ."

ರುದ್ರವ್ವ ನಂಬಲಿಲ್ಲ. ಹೊರಗೆ ಬಂದು ನೋಡಿದರೆ ಶೇಖರ ನಳದಲ್ಲಿ ಬಟ್ಟೆ ಒಗೆದುಕೊಂಡು ಮೇಲೆ ಬರುತ್ತಿದ್ದ. ಅವಳನ್ನು ಕಂಡು ನಮಸ್ಕಾರ ಹೇಳಿ ಒಳಗೆ ಹೋದ. ಅವನ ನಮಸ್ಕಾರವೂ ಅವಳಿಗೆ ಸರಿಕಾಣಲಿಲ್ಲ.

ಮರುದಿನ ಸೊಸೆಯ ಕೈಯಿಂದ ಕೀಲಿಕೈ ಕಸಿದುಕೊಂಡಳು. "ಇವತ್ತ ನೀರು ನಾ ತುಂಬ್ತೀನಿ."

ಕೊಡ ತುಂಬಿಟ್ಟು ಚಿಲಕ ಹಾಕಿ ಅದೇ ಚಾಪೆಯ ಮೇಲೆ ಮಲಗಿದಳು. ಐವತ್ತೆಂಟು ವರ್ಷದಲ್ಲಿ ಒಬ್ಬಳೇ ಒಂದು ಕೋಣೆಯಲ್ಲಿ ಮಲಗಿದ್ದು ಅದೇ ಮೊದಲು. ಕಾಲು ಚಾಚಿದಳು, ಯಾರಿಗೂ ತಾಗಲಿಲ್ಲ. ಅಷ್ಟರಲ್ಲಿ ಹೊರಗೆ ಹೆಜ್ಜೆ ಸದ್ದು. ಯಾರೋ ಬಾಗಿಲಿಗೆ ಕಿವಿ ಹಚ್ಚಿ ನಿಂತಂತೆ ಅನ್ನಿಸಿತು. ಎದ್ದು ತೆರೆದಳು, ಯಾರೂ ಇರಲಿಲ್ಲ. ಮತ್ತೆ ಮಲಗಿದಳು, ಮತ್ತೆ ಎದ್ದಳು. ಕೊನೆಗೆ ಬೆವರಿ ಕೆಳಗಿಳಿದು ಬಂದಳು.

"ನನ್ನ ಕಡಿಂದ ಆಗಂಗಿಲ್ಲವಾ. ನೀನ ಹೋಗು," ಎಂದು ಕೀಲಿಕೈ ಕೊಟ್ಟಳು.

ಆ ಸಂಜೆ ಮುರಿಗೆಪ್ಪ, "ಅಕಿ ದಿನಾ ಎಲ್ಲಿ ಹೋಗ್ತಾಳವ್ವಾ?" ಎಂದು ಕೇಳಿದಾಗ, "ನಾನ ಕಳಸ್ತೀನಿ, ನೀರು ತುಂಬಾಕ," ಎಂದು ಬಾಯಿ ಮುಚ್ಚಿಸಿದಳು. ಆದರೂ ಮೂರು ಗಂಟೆಯಾದರೆ ಸಾಕು, ಖೋಲಿಯ ಮುಂದಿನ ಗ್ಯಾಲರಿಗೆ ಬಂದು, ಕತ್ತೆತ್ತಿ ಮೇಲೆ ಶೇಖರನ ಬಾಗಿಲ ಕಡೆ ಕಣ್ಣು ಹಾಯಿಸುತ್ತಿದ್ದಳು.