ಸೋಮವಾರ ಎತ್ತಿಗೋ, ಬಂಡಿಗೋ

ಮೊದಲಿಗೆ ಓದುವವರು ನನ್ನನ್ನು ಕ್ಷಮಿಸಬೇಕು. ನನ್ನ ಅಕ್ಷರ ಕೋಳಿ ಕೆದರಿದಂತಿದೆ, ಮಾತು ಜೋಡಿಸುವುದೂ ಸರಿಯಾಗಿ ಬಾರದು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೆ ನಮ್ಮ ಅಜ್ಜಿ ಮರುಳಸಿದ್ದಮ್ಮನ ಈ ಸಂಗತಿ ಕೇಳಿದಾಗಲೆಲ್ಲ ನನಗೆ ಕುಳಿತಲ್ಲಿ ಕೂರಲು ಆಗುವುದಿಲ್ಲ. ಬರೆದಿಡೋಣವೆಂದರೆ ಮನೆಯಲ್ಲಿ ಬರೆಯಬಲ್ಲವರು ಬೇರೆ ಯಾರೂ ಇಲ್ಲ.

ಮರುಳಸಿದ್ದಮ್ಮ ಸಂಡೂರಿನಿಂದ ಕಂಪ್ಲಿಗೆ ಸೊಸೆಯಾಗಿ ಬಂದಾಗ ಅವಳು ಕೂತ ಬಂಡಿಯ ಹಿಂದೆ ಒಂದು ಕೆಂಪು ಕಡಸೂ ನಡೆದು ಬಂದಿತ್ತು. ತವರಿನವರು ಕೊಟ್ಟ ಬಳುವಳಿ ಅದು. ಹೆಸರು ಕೆಂದಿ. ಗಂಡನ ಮನೆ ದಿಬ್ಬದ ಮೇಲಿತ್ತು, ದನದ ಕೊಟ್ಟಿಗೆ ಮಾತ್ರ ಕೆಳಗೆ, ಹೊಳೆಯ ಅಂಚಿಗೆ. ನೀರು, ಹುಲ್ಲು ಎರಡೂ ಅಲ್ಲೇ ಸಿಗುತ್ತಿದ್ದವು. ನಾಲ್ಕಾರು ಎಮ್ಮೆ, ಒಂದು ಜೋಡಿ ಎತ್ತು, ಒಂದಿಷ್ಟು ಮೇಕೆ, ಇಷ್ಟೇ ಅವರ ಬದುಕು. ಹೊಸ ಮನೆಯಲ್ಲಿ ಎಲ್ಲರ ಮುಖವೂ ಹೊಸದು. ಮರುಳಸಿದ್ದಮ್ಮ ಬೇಸರವಾದಾಗೆಲ್ಲ ಕೆಂದಿಯ ಕೊರಳ ಕೆಳಗಿನ ಗಂಗೆದೊಗಲು ತುರಿಸುತ್ತ ನಿಂತುಬಿಡುತ್ತಿದ್ದಳು. ತವರಿನ ಮಾತು ತಿಳಿಯುವ ಜೀವ ಅಲ್ಲಿ ಅದೊಂದೇ ಎಂದು ಅವಳ ಭಾವನೆ.

ಮಾವ ಕೊಟ್ರಬಸಪ್ಪ ದೈವಭಕ್ತ. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಸೋಮವಾರ ಬಂತೆಂದರೆ ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಬೆಲ್ಲ ತಿನ್ನಿಸಿ ಕೈಮುಗಿಯುತ್ತಿದ್ದ. ಅವತ್ತು ಅವುಗಳ ಹೆಗಲಿಗೆ ನೊಗ ಇಡುವಂತಿಲ್ಲ. ಬಸವಣ್ಣನ ದಿನ ಅದು. ಊರಿಗೆ ಊರೇ ಹಾಗೆ ನಡೆಯುತ್ತಿತ್ತು, ಆದರೆ ಕೊಟ್ರಬಸಪ್ಪನದು ಒಂದು ಕೈ ಹೆಚ್ಚು. ಮರುಳಸಿದ್ದಮ್ಮ ಮದುವೆಯಾಗಿ ಬಂದಾಗಿನಿಂದ ಈ ಮಾವನ ಎದುರು ನೇರವಾಗಿ ಬಾಯಿ ಬಿಟ್ಟವಳೇ ಅಲ್ಲ. ಹೇಳುವುದಿದ್ದರೆ ಸೆರಗು ಎಳೆದುಕೊಂಡು ಅತ್ತೆ ಮುದುಕಮ್ಮನಿಗೆ ಹೇಳಬೇಕು, ಅತ್ತೆ ಮಾವನಿಗೆ ಹೇಳಬೇಕು. ಮಾವ ಪಕ್ಕದಲ್ಲೇ ನಿಂತಿದ್ದರೂ ಅಷ್ಟೆ.

ಒಂದು ಶ್ರಾವಣದ ಸೋಮವಾರ ಬೆಳಿಗ್ಗೆ ಕೆಂದಿ ಚೊಚ್ಚಲು ಕರು ಹಾಕಿತು. ಹೆಣ್ಣುಗರು, ತಾಯಿಯ ಹಾಗೇ ಕೆಂಪು. ಕರು ತೊಡರುತ್ತ ಎದ್ದು ನಿಂತಿತು, ತಾಯಿ ಮಾತ್ರ ಏಳಲಿಲ್ಲ. ಮುಂಗಾಲು ಊರುತ್ತಿತ್ತು, ಹಿಂಗಾಲಲ್ಲಿ ಬಲವೇ ಇಲ್ಲ. ಮರುಳಸಿದ್ದಮ್ಮ ಬಿಸಿನೀರಿನ ಬಟ್ಟೆಯಿಂದ ಅದರ ಸೊಂಟಕ್ಕೆ ಕಾವು ಕೊಡುತ್ತ ಕೂತಿದ್ದಳು. ಅಷ್ಟರಲ್ಲಿ ಪಕ್ಕದ ಹೊಲದ ಎರ್ರಿಯಪ್ಪ ದಂಡೆಯಗುಂಟ ಓಡಿ ಬಂದು ಅವಳ ಗಂಡನನ್ನು ಕೂಗಿದ.

"ಏ ಜಡೆಪ್ಪ, ಹೊಳಿ ನೋಡಿದೇನ್ಲೇ? ಮ್ಯಾಲೆ ಎಲ್ಲೋ ಭಾಳ ಮಳಿ ಆಗೇತಿ. ಬಟ್ಟಿ ಒಗೆಯೋ ಕಲ್ಲು ಆಗಲೇ ಮುಳುಗ್ಯಾವ. ದನ ಬಿಡ್ರಿ ಜಲ್ದಿ."

ಮರುಳಸಿದ್ದಮ್ಮ ಎದ್ದು ನೋಡಿದಳು. ಹೊಳೆ ಅವಳ ತವರಿನ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಸಂಡೂರಿನ ಗುಡ್ಡಗಳೇ ಕರಗಿ ಅವಳನ್ನು ಹುಡುಕಿಕೊಂಡು ಬಂದಂತೆ ಕೆಂಪು ನೀರು ಮೇಲೇರುತ್ತಿತ್ತು.

ಅವಳ ಗಂಡ ಜಡೆಪ್ಪ ಎಮ್ಮೆಗಳ ಕಣ್ಣಿ ಬಿಚ್ಚಿ ದಿಬ್ಬಕ್ಕೆ ಹೊಡೆದ. ಮೇಕೆಗಳು ತಾವಾಗಿಯೇ ಹತ್ತಿದವು. ಕರುವನ್ನು ಅವಳು ಎದೆಗವಚಿಕೊಂಡು ಮೇಲೆ ಬಿಟ್ಟು ಓಡುತ್ತ ಮರಳಿದಳು. ಎತ್ತುಗಳ ಕಣ್ಣಿಯನ್ನೂ ಬಿಚ್ಚಿದರು. ಉಳಿದದ್ದು ಕೆಂದಿ. ಅತ್ತೆ, ಮಾವ, ಗಂಡ, ಹೆಂಡತಿ ಎಲ್ಲರೂ ಸೇರಿ ಎತ್ತಿದರು, ತುಸು ಎದ್ದು ಮತ್ತೆ ಕುಸಿಯಿತು. ನೀರು ಗೋದಲಿಯ ಆಚೆಯ ಹುಲ್ಲಿಗೆ ಮುಟ್ಟಿತ್ತು.

"ಬಂಡ್ಯಾಗ ಹಾಕೋಣಪ್ಪ. ಎತ್ತು ಹೂಡ್ತೀನಿ" ಎಂದ ಜಡೆಪ್ಪ.

"ಇವತ್ತು ಸೋಮವಾರ" ಎಂದ ಕೊಟ್ರಬಸಪ್ಪ.

"ಅಪ್ಪಾ, ಆಕಳ ಸಾಯ್ತದ."

"ನನಗ ಕಾಣಾಂಗಿಲ್ಲೇನು?" ಮುದುಕ ಎತ್ತಿನ ಹೆಗಲ ಮೇಲೆ ಕೈ ಇಟ್ಟ. "ನಮ್ಮ ಮುತ್ಯಾನ ಕಾಲದಿಂದ ನೊಗ ಇಟ್ಟಿಲ್ಲ. ಈಗಷ್ಟೇ ವಿಭೂತಿ ಹಚ್ಚಿ ಕೈ ಮುಗದೀನಿ. ಅದೇ ಹೆಗಲ ಮ್ಯಾಲೆ ಹೆಂಗ ಇಡ್ಲಿ? ನೀ ಹೇಳು."

ಅವನ ಕಣ್ಣಲ್ಲಿ ನೀರಿತ್ತು. ಅದು ಹಟವಲ್ಲ ಎಂದು ಮರುಳಸಿದ್ದಮ್ಮನಿಗೆ ತಿಳಿಯಿತು. ಹಟವಾಗಿದ್ದರೆ ಸಿಟ್ಟಾದರೂ ಬರುತ್ತಿತ್ತು. ಅವಳು ಕೆಂದಿಯನ್ನು ನೋಡಿದಳು, ಹೊಳೆಯನ್ನು ನೋಡಿದಳು, ಮೂಲೆಯಲ್ಲಿ ನಿಂತ ಬಂಡಿಯನ್ನು ನೋಡಿದಳು. ತಟ್ಟನೆ ಸೆರಗು ಎಳೆದುಕೊಂಡು ಅತ್ತೆಯ ಕಡೆ ತಿರುಗಿದಳು.

"ಅತ್ತಿ, ಮಾವಾರನ್ನ ಒಂದು ಮಾತು ಕೇಳ್ರಿ. ಸೋಮವಾರ ಎತ್ತಿಗೋ, ಬಂಡಿಗೋ?"

ಮಾವ ಮಾರು ದೂರದಲ್ಲೇ ನಿಂತಿದ್ದ. ಆದರೂ ಮುದುಕಮ್ಮ ಪದ್ಧತಿ ಬಿಡಲಿಲ್ಲ. "ಏನ್ರೀ, ಸೊಸಿ ಕೇಳ್ತಾಳ, ಸೋಮವಾರ ಎತ್ತಿಗೋ ಬಂಡಿಗೋ ಅಂತ."

ಕೊಟ್ರಬಸಪ್ಪ ತಬ್ಬಿಬ್ಬಾದ. "ಎತ್ತಿಗೆ. ಬಂಡಿಗೇನೈತಿ? ಅದು ಕಟಿಗಿ."

"ಹಂಗಾರ ಕಟಿಗಿ ನಾವ ಎಳಿತೀವಿ ಅಂತ ಹೇಳ್ರಿ ಅತ್ತಿ."

ಅತ್ತೆ ಅದನ್ನು ಮಾವನಿಗೆ ಮುಟ್ಟಿಸುವಷ್ಟರಲ್ಲಿ ಮರುಳಸಿದ್ದಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೀರೆಯನ್ನು ಕಚ್ಚೆ ಹಾಕಿ ಬಂಡಿಯ ಹತ್ತಿರ ಹೋಗಿಬಿಟ್ಟಿದ್ದಳು. ಬಂಡಿಯ ಮುಂದೆ ನೊಗ ಕಟ್ಟುವ ಮರ, ಮೂಕಿಯನ್ನು ಆಕಾಶಕ್ಕೆ ಎತ್ತಿದರು. ಹಿಂಬದಿ ಇಳಿಜಾರಾಗಿ ನೆಲಕ್ಕೆ ತಾಗಿತು. ಗೋಣಿತಟ್ಟು ಹಾಸಿ, ಹೊಟ್ಟೆಯ ಕೆಳಗೆ ಹಗ್ಗ ಹಾಕಿ ಕೆಂದಿಯನ್ನು ಜಗ್ಗಿ ಜಗ್ಗಿ ಮೇಲೆ ಹಾಕಿದರು. ಆಗ ನೀರು ಅವರ ಪಾದ ತೋಯಿಸುತ್ತಿತ್ತು.

ಮೂಕಿ ಇಳಿಸಿ ನೊಗದ ಎಡಗೋಲಿಗೆ ಗಂಡ, ಬಲಗೋಲಿಗೆ ಹೆಂಡತಿ ನಿಂತರು. ಇಬ್ಬರೂ ನೊಗಕ್ಕೆ ಎದೆ ಕೊಟ್ಟರು. ಮುದುಕಮ್ಮ ಗಾಲಿಗೆ ಕೈ ಹಚ್ಚಿದಳು. ಬಂಡಿ ಹೊರಟಿತು, ಉಸುಕಿನ ತನಕ ಬಂದು ಗಾಲಿ ಹೂತು ನಿಂತುಬಿಟ್ಟಿತು. ಮತ್ತೆ ಎಳೆದರು. ಗಾಲಿ ಕದಲಲಿಲ್ಲ. ಹಿಂದೆ ಕೊಟ್ಟಿಗೆಯೊಳಗೆ ನೀರು ನುಗ್ಗಿದ ಸದ್ದು ಕೇಳಿಸಿತು.

ಆಗ ಕೊಟ್ರಬಸಪ್ಪ ಧೋತರ ಮೇಲಕ್ಕೆ ಕಟ್ಟಿದ. "ಲೇ ಜಡೆಪ್ಪ, ನೀ ಹಿಂದ ಹೋಗಿ ದಬ್ಬು. ಎಡಗೋಲಿಗೆ ನಾ ಬರ್ತೀನಿ" ಎಂದು ಸೊಸೆಯ ಜೋಡಿಗೆ ಬಂದು ನೊಗಕ್ಕೆ ಹೆಗಲು ಕೊಟ್ಟ. ಹುಟ್ಟಿದಾಗಿನಿಂದ ಎತ್ತು ಹೊಡೆದವನಿಗೆ ಅವುಗಳ ನಡೆ ಗೊತ್ತಿತ್ತು. "ಜಗ್ಗಬ್ಯಾಡ್ರಿ. ಬಗ್ಗಿ, ಒಮ್ಮಿಗೇ ಭಾರ ಹಾಕ್ರಿ. ಹೂಂ... ಹರಹರಾ."

ಗಾಲಿ ಕಿರ್ ಎಂದಿತು. ಉಸುಕು ಬಿಟ್ಟಿತು.

ದಿಬ್ಬದ ಮೇಲೆ ತನ್ನ ದನ ಕಟ್ಟಿ ನಿಂತಿದ್ದ ಎರ್ರಿಯಪ್ಪ ಕೆಳಗೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮುಂದೆ ಮಾವ, ಸೊಸೆ ನೊಗದಲ್ಲಿ. ಬಂಡಿಯ ಹಿಂದೆ ಹಣೆಗೆ ವಿಭೂತಿ ಇಟ್ಟುಕೊಂಡ ಎರಡು ಎತ್ತು, ಮದುವೆಗೆ ಹೊರಟ ಬೀಗರ ಹಾಗೆ ಮೆಲುಕು ಹಾಕುತ್ತ ಸಾವಕಾಶ ನಡೆದು ಬರುತ್ತಿದ್ದವು.

"ಕೊಟ್ರಬಸಪ್ಪಣ್ಣಾ, ಬಾರುಕೋಲು ಎತ್ತಿನ ಕೈಯಾಗ ಕೊಡ್ಲೇನು?"

"ನಗಾದು ಆಮ್ಯಾಲೆ ನಗು. ಬಂದು ಗಾಲಿಗೆ ಕೈ ಹಚ್ಚಲೇ" ಎಂದು ಮುದುಕಮ್ಮ ಕೂಗಿದಳು.

ಎರ್ರಿಯಪ್ಪ ನಗುತ್ತಲೇ ಓಡಿ ಬಂದು ಹಚ್ಚಿದ. ಅವನ ನಗು ಜಡೆಪ್ಪನಿಗೆ ಹತ್ತಿತು, ಅಲ್ಲಿಂದ ಮುದುಕಮ್ಮನಿಗೆ. ಮಾವನ ಪಕ್ಕದಲ್ಲಿ ನಗಬಾರದೆಂದು ಮರುಳಸಿದ್ದಮ್ಮ ತುಟಿ ಕಚ್ಚಿ ಹಿಡಿದಳು. ಪಕ್ಕಕ್ಕೆ ನೋಡಿದರೆ ಮಾವನ ಹೆಗಲೇ ಕುಲುಕುತ್ತಿತ್ತು. ಹಾಗೆ ನಗುತ್ತ, ಏದುತ್ತ, ಹರಹರಾ ಎನ್ನುತ್ತ ಬಂಡಿ ದಿಬ್ಬ ಹತ್ತಿತು. ತಿರುಗಿ ನೋಡಿದಾಗ ಕೊಟ್ಟಿಗೆಯ ಮಣ್ಣಿನ ಗೋಡೆ ಬೆಲ್ಲದಂತೆ ಕರಗಿ ಹೊಳೆಯ ಪಾಲಾಗುತ್ತಿತ್ತು. ಕೆಂದಿ ಮಾತ್ರ ಬಂಡಿಯಲ್ಲಿ ಕೂತೇ ಕರುವನ್ನು ನೆಕ್ಕತೊಡಗಿತು.

ಕೊಟ್ರಬಸಪ್ಪ ಕೆಳಗೆ ಕೂತು ಹೆಗಲು ತಿಕ್ಕಿಕೊಂಡ. ಚರ್ಮ ಕಿತ್ತು ರಕ್ತ ಜಿನುಗಿತ್ತು. ಬಹಳ ಹೊತ್ತು ಎತ್ತುಗಳನ್ನೇ ನೋಡಿದ.

"ನೊಗ ಇಷ್ಟು ಕೊರೀತದ ಅಂತ ನನಗ ತಿಳಿದೇ ಇರಲಿಲ್ಲ" ಎಂದ.

ಮರುಳಸಿದ್ದಮ್ಮ ಅರಿಶಿನ, ಬೆಣ್ಣೆ ಕಲಸಿ ತಂದಳು. ಎಂದಿನಂತೆ ಅತ್ತೆಯ ಕಡೆ ತಿರುಗಿ, "ಅತ್ತಿ, ಮಾವಾರಿಗೆ ಹೇಳ್ರಿ, ಇದನ್ನ ಹಚ್ಕೊಳ್ಳಾಕ" ಎಂದಳು.

"ಯವ್ವಾ, ಒಂದು ನೊಗದಾಗ ನಡೆದೋರು ನಾವು" ಎಂದ ಕೊಟ್ರಬಸಪ್ಪ. "ಇನ್ನು ನಡುವ ಆ ಮುದುಕಿ ಯಾಕ? ನನಗ ಹೇಳು."

ಅವಳು ಸೆರಗು ಸರಿಪಡಿಸಿಕೊಂಡಳು. ಅರಿಶಿನದ ಬಟ್ಟಲನ್ನು ಅವನ ಮುಂದೆ ಇಟ್ಟಳು. ಕೊನೆಗೆ, "ಹಚ್ಕೊಳ್ರಿ ಮಾವಾ" ಎಂದಳು. ಮಾವನಿಗೆ ಅವಳು ನೇರವಾಗಿ ಆಡಿದ ಮೊದಲ ಮಾತು ಅದು.

ಎರಡು ದಿನ ಕಾವು ಕೊಟ್ಟ ಮೇಲೆ ಕೆಂದಿ ಎದ್ದು ನಿಂತಿತು. ಹೊಸ ಕೊಟ್ಟಿಗೆಯನ್ನು ದಿಬ್ಬದ ಮೇಲೆಯೇ ಕಟ್ಟಿದರು. ಎಲ್ಲಿ ಕಟ್ಟಬೇಕು, ಬಾಗಿಲು ಯಾವ ಕಡೆ ಎಂದು ಕೊಟ್ರಬಸಪ್ಪ ಸೊಸೆಯನ್ನೇ ಕೇಳಿದ, ಅವಳು ನೇರವಾಗಿ ಹೇಳಿದಳು. ಅವನು ಇರುವ ತನಕ ಆ ಮನೆಯಲ್ಲಿ ದನಕರುಗಳ ಮಾತು ಅವರಿಬ್ಬರದೇ. ಸೋಮವಾರ ನೊಗ ಇಡದ ಪದ್ಧತಿ ಇವತ್ತಿಗೂ ಹಾಗೇ ನಡೆದಿದೆ.

ಅಜ್ಜಿ ಈಗ ಎಮ್ಮೆಯ ಹಾಲು ಕರೆಯುತ್ತಿದ್ದಾಳೆ. ಅವಳು ಬಂದ ಮೇಲೆ ಇದನ್ನು ಅವಳಿಗೆ ಓದಿ ಹೇಳುತ್ತೇನೆ, ತಪ್ಪು ಎಂದದ್ದನ್ನು ತಿದ್ದುತ್ತೇನೆ.