ರಿಡ್ಜ್ ಕಾಡಿನ ಅಣಬೆ ಸಾರು

ಆ ಅಣಬೆಗೆ ನಾನು ಬಿಡಿಗಾಸೂ ಕೊಡಲಿಲ್ಲ. ಬೆಲೆ ತೆತ್ತವನು ನನ್ನ ಮೆಸ್ಸಿನಲ್ಲಿ ಉಣ್ಣುತ್ತಿದ್ದ ಒಬ್ಬ ಹುಡುಗ. ತೆತ್ತದ್ದು ಐಎಎಸ್ ಪರೀಕ್ಷೆಯ ನಾಲ್ಕನೆಯ, ಅಂದರೆ ಅವನ ಕಟ್ಟಕಡೆಯ ಅವಕಾಶ. ಕಾರಣ ನನ್ನ ಜಾಣತನ.

ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ದೇಶದ ರಾಜಧಾನಿಯ ಓಲ್ಡ್ ರಾಜಿಂದರ್ ನಗರದಲ್ಲಿ ನಮ್ಮ ಕಡೆಯ ಹನ್ನೆರಡು ಅಭ್ಯರ್ಥಿಗಳಿಗೆ ಅಡುಗೆ ಮಾಡಿ ಹಾಕುತ್ತಿದ್ದೆ. ಚೌಕಾಸಿಯಿಂದಲೇ ಮೆಸ್ಸು ಕಟ್ಟಿದವಳು ನಾನು. ತರಕಾರಿ ಭಯ್ಯಾನ ಟೊಮೆಟೊ ಎಷ್ಟೇ ಚೆನ್ನಾಗಿರಲಿ, ಮೊದಲು ಕೊಳೆತಿದೆ ಅನ್ನಬೇಕು, ದರ ಆಮೇಲೆ.

ಮೇನ್ಸ್ ಪರೀಕ್ಷೆಗೆ ಒಂದೇ ದಿನ ಉಳಿದಿತ್ತು. ಹುಡುಗ ವಾರದಿಂದ ಸರಿಯಾಗಿ ಉಂಡಿರಲಿಲ್ಲ. "ಏನೂ ಸೇರಲ್ಲ ಅಕ್ಕಾ. ಅಮ್ಮ ಮಾಡೋ ಅಣಬೆ ಸಾರಿದ್ದಿದ್ರೆ ಎರಡು ತಟ್ಟೆ ಹೊಡೀತಿದ್ದೆ" ಎಂದಿದ್ದ. ಹತ್ತಿರದಲ್ಲೇ ರಿಡ್ಜ್ ಕಾಡು, ಮೇಲಾಗಿ ತಡವಾಗಿ ಒಂದು ಮಳೆ ಬಿದ್ದಿತ್ತು. ಬೆಳಗ್ಗೆಯೇ ಚೀಲ ಹಿಡಿದು ಹೊರಟೆ.

ಜಾಲಿ ಮುಳ್ಳಿನ ನಡುವೆ ಒಂದು ಹುತ್ತ, ಅದರ ಬುಡದಲ್ಲಿ ಬೆಳ್ಳಗೆ ಕೊಡೆ ಬಿಚ್ಚಿದ ಅಣಬೆ. ನಮ್ಮೂರಿನಲ್ಲಿ ಹುತ್ತದ ಅಣಬೆ ಎಂದರೆ ಎರಡನೆಯ ಮಾತಿಲ್ಲ. ಅಲ್ಲೇ ಒಬ್ಬ ಹೆಂಗಸು ಮಾರಲಿಕ್ಕೆಂದು ಕಾಡು ಬೋರೆಹಣ್ಣು ಕೀಳುತ್ತಿದ್ದಳು.

"ಬೆಹೆನ್‌ಜೀ, ಛೋಡ್ ದೋ. ಝೆಹರ್ ಹೈ" ಎಂದಳು. ಬಿಟ್ಟುಬಿಡಬೇಕಂತೆ, ವಿಷವಂತೆ.

"ಅಚ್ಛಾ? ನಾನು ಬಿಟ್ಟು ಹೋದರೆ ನೀನು ಕಿತ್ತುಕೊಳ್ಳೋಕಾ?" ಎಂದು ನನಗೆ ಬರುವ ಹಿಂದಿಯಲ್ಲೇ ಕೇಳಿದೆ.

ಅವಳು ನಕ್ಕಳು. "ಇದನ್ನ ನಮ್ಮ ಮೇಕೇನೂ ಮೂಸಲ್ಲ. ತಿನ್ನು ಹೋಗು, ನನಗೇನು!"

ಸರಕು ಕೆಟ್ಟದ್ದು ಅಂದವರಿಗೇ ಆ ಸರಕು ಬೇಕಾಗಿರುತ್ತದೆ. ದಿನವೂ ನಾನೇ ಆಡುವ ಆಟ, ನನಗೆ ಗೊತ್ತಿಲ್ಲವೇ? ಒಂದನ್ನೂ ಬಿಡದೆ ಕಿತ್ತೆ.

ಪರೀಕ್ಷಿಸದೆ ಬಡಿಸಿದೆ ಅಂದುಕೊಳ್ಳಬೇಡಿ. ಕಾಲುಂಗುರ ತೊಳೆದು ಕುದಿಯುವ ಪಾತ್ರೆಗೆ ಹಾಕಿದೆ. ವಿಷವಿದ್ದರೆ ಬೆಳ್ಳಿ ಕಪ್ಪಾಗುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅದು ಹಾಕಿದ ಹಾಗೆಯೇ ಬೆಳ್ಳಗಿತ್ತು. ಕಾಯಿ ರುಬ್ಬಿ ಸಾರು ಮಾಡಿದೆ. ಆದದ್ದು ಒಬ್ಬರಿಗಾಗುವಷ್ಟು, ಅಷ್ಟನ್ನೂ ಅವನಿಗೇ ಬಡಿಸಿದೆ. ಪಾತ್ರೆಯ ತಳ ಬಳಿದು ಉಂಡ.

ಮಧ್ಯಾಹ್ನ ಮೂರು ಗಂಟೆಗೆಲ್ಲ ವಾಂತಿ ಶುರುವಾಯಿತು. ಮಜ್ಜಿಗೆ ಕುಡಿಸಿದೆ, ನಿಲ್ಲಲಿಲ್ಲ. ನೀರು ಕುಡಿಸಿದರೆ ನೀರೇ ಹೊರಗೆ. ಆಟೋದಲ್ಲಿ ಕೂರಿಸಿಕೊಂಡು ನರ್ಸಿಂಗ್ ಹೋಮಿಗೆ ಓಡಿದೆ. ಏನು ತಿಂದಿದ್ದಾನೆ ಎಂದು ಡಾಕ್ಟರು ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಸುದ್ದಿ ಹಬ್ಬಿದರೆ ಖಾಲಿಯಾಗುವ ಉಳಿದ ಹನ್ನೊಂದು ತಟ್ಟೆ. "ಹೊರಗಡೆ ಛೋಲೆ ಭಟೂರೆ" ಎಂದುಬಿಟ್ಟೆ. ಹುಡುಗ ಕಣ್ಣೆತ್ತಿ ನನ್ನನ್ನೊಮ್ಮೆ ನೋಡಿ, ಹೌದೆಂದು ತಲೆಯಾಡಿಸಿದ.

ಅವನ ಕೈಕಾಲು ಸೆಟೆಯತೊಡಗಿದ ಮೇಲಷ್ಟೇ ನನ್ನ ಬಾಯಿಂದ ನಿಜ ಬಂತು. ಅಷ್ಟರಲ್ಲಿ ಎರಡು ಗಂಟೆ ಹೋಗಿತ್ತು. "ಮೊದಲೇ ಹೇಳೋಕೆ ಏನಾಗಿತ್ತು?" ಎಂದು ಡಾಕ್ಟರು ಗದರಿದರು.

ಜೀವ ಉಳಿಯಿತು. ಬೆಳಗ್ಗೆ ಡ್ರಿಪ್ ಕೀಳಿಸಿಕೊಂಡು, ಬೇಡವೆಂದರೂ ಕೇಳದೆ ಹೊರಟ. "ಮೂರು ಗಂಟೆ ಕೂತರೆ ಸಾಕು ಅಕ್ಕಾ, ಚಲೋ, ಹೋಗೋಣ" ಎಂದ. ಪರೀಕ್ಷಾ ಕೇಂದ್ರದ ಗೇಟಿನ ಎದುರು ಫುಟ್‌ಪಾತಿನಲ್ಲಿ ಕುಳಿತು ದೇವರೊಡನೆಯೂ ಚೌಕಾಸಿಗಿಳಿದೆ: ಮೆಸ್ಸು ಮುಚ್ಚಿಸು, ನನ್ನನ್ನು ಊರಿಗೆ ಓಡಿಸು, ಅವನನ್ನು ಮಾತ್ರ ಅಲ್ಲಿ ಕೂರಿಸು. ಒಂದು ಗಂಟೆಯೂ ಆಗಿರಲಿಲ್ಲ, ಇಬ್ಬರು ಅವನನ್ನು ಹಿಡಿದುಕೊಂಡು ಹೊರಗೆ ತಂದರು. "ಪ್ರಶ್ನೆ ಎಲ್ಲಾ ಬರ್ತಿತ್ತು ಅಕ್ಕಾ. ಪೆನ್ನೇ ನಿಲ್ತಿರಲಿಲ್ಲ" ಎಂದ.

ಮನೆಗೆ ಫೋನ್ ಮಾಡಿ ಟೈಫಾಯ್ಡ್ ಅಂದ. ನನ್ನ ಹೆಸರೆತ್ತಲಿಲ್ಲ. ಅವನು ಬೈದಿದ್ದರೆ ಎದುರು ಮಾತಾಡಿಯಾದರೂ ಬದುಕುತ್ತಿದ್ದೆ.

ನಿಮಗೆ ಹೇಳುವುದಿಷ್ಟು. ಕಾಡಿನ ಅಣಬೆಗೆ ಬೆಳ್ಳಿ, ಅರಿಶಿನ, ಬೆಳ್ಳುಳ್ಳಿ ಯಾವ ಪರೀಕ್ಷೆಯೂ ನಡೆಯುವುದಿಲ್ಲ. ಊರು ಬದಲಾದರೆ ನಿಮ್ಮೂರಿನ ಗುರುತುಗಳನ್ನು ನಂಬಬೇಡಿ. ಆ ನೆಲದವರು ಬೇಡವೆಂದರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಇಷ್ಟಾದರೂ ಯಾರಾದರೂ ತಿಂದು ವಾಂತಿ ಮಾಡಿದರೆ ಮನೆಮದ್ದು ಮಾಡುತ್ತ ಕೂರಬೇಡಿ. ಉಳಿದ ಅಣಬೆಯ ಚೂರನ್ನು ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡಿ. ಏನು ತಿಂದದ್ದು, ಎಷ್ಟು ಗಂಟೆಗೆ ತಿಂದದ್ದು, ಬೇಯಿಸಿ ಬಡಿಸಿದ್ದು ಯಾರು, ಮೂರನ್ನೂ ಬಾಗಿಲಲ್ಲೇ ಹೇಳಿಬಿಡಿ.